ಧ್ವಜಕಂಬದ ರಾಟೆಯವರ ವಿವರಣೆ ಕೋರಿ

ಇವರಿಗೆ,
ಮಾನ್ಯ ಶ್ರೀ ರಾಟೆಯವರು,
ಧ್ವಜಕಂಬದ ತುತ್ತತುದಿ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ,
ಬಿಳಿಚೋಡಿನಿಂದ ಒಳಕ್ಕೆ ನಾಲ್ಕು ಕಿಲೋಮೀಟರ್, ಜಗಳೂರು ತಾಲ್ಲೂಕು.

ವಿಷಯ: ಸ್ವಾತಂತ್ರ್ಯ ದಿನದಂದು ಸಾರ್ವಜನಿಕರ ಸಮ್ಮುಖದಲ್ಲಿ ತಾವು ತಿರುಗದೆ ನಿಂತ ಬಗ್ಗೆ.

ಮಾನ್ಯರೇ,

ನೆಲದಿಂದ ಇಪ್ಪತ್ತೆರಡು ಅಡಿ ಎತ್ತರದಲ್ಲಿ, ಗಾಳಿ ಬೆಳಕು ಧಾರಾಳವಾಗಿರುವ ತಮ್ಮ ಸ್ಥಾನದಲ್ಲಿ ತಾವು ಕ್ಷೇಮವಾಗಿದ್ದೀರೆಂದು ನಂಬಿ, ಕೆಳಗೆ ನಾವೂ ಇದ್ದುದರಲ್ಲಿ ಕ್ಷೇಮವೆಂದು ತಿಳಿಸುತ್ತಾ, ಈ ಶಾಲೆಯ ಪ್ರಭಾರ ಮುಖ್ಯ ಶಿಕ್ಷಕನೂ ಹೊನ್ನಾಳಿ ಕಡೆಯಿಂದ ಬಂದು ಹನ್ನೊಂದು ವರ್ಷದಿಂದ ಪ್ರತಿ ಆಗಸ್ಟಿನಲ್ಲಿ ಮತ್ತು ಪ್ರತಿ ಜನವರಿಯಲ್ಲಿ ತಮ್ಮತ್ತ ಕತ್ತೆತ್ತಿ ನಿಲ್ಲುತ್ತಿರುವವನೂ ಆದ ಮಾರುತೇಶ್ ಎಂಬ ನಾನು ಮಾಡಿಕೊಳ್ಳುವ ಅನಂತ ವಂದನೆಗಳು. ಈ ಪತ್ರವನ್ನು ಖುದ್ದಾಗಿ ಮೇಲೆ ಹತ್ತಿ ತಲುಪಿಸುವುದೇ ಮರ್ಯಾದೆಯಾಗಿತ್ತು. ಆದರೆ ಶಾಲೆಯ ಏಣಿಯನ್ನು ನಮ್ಮ ಶಾಲಾ ಸಮಿತಿಯ ಮಾಜಿ ಅಧ್ಯಕ್ಷರು ಮನೆಗೆ ಸುಣ್ಣ ಹೊಡೆಸಲೆಂದು ಒಯ್ದು ಎರಡು ದೀಪಾವಳಿ ಕಳೆದಿರುವುದರಿಂದ, ಬಹಿರಂಗವಾಗಿ ಬರೆಯದೆ ಬೇರೆ ದಾರಿ ಉಳಿದಿಲ್ಲ.

ಮೊದಲಿಗೆ ಒಂದು ಮಾತು. ಈ ದೂರಿನಿಂದ ನನಗೆ ಆಗಸ್ಟ್ ಹದಿನೈದರ ಮೇಲೆ ಪ್ರೀತಿ ಕಡಿಮೆಯೆಂದು ತಾವು ತಿಳಿಯಬಾರದು. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ನನಗೆ ತೀರಾ ಇಷ್ಟವಾದ ದಿನ ಅದೇ. ಅಂದು ನಮ್ಮ ಮಕ್ಕಳು ಬಿಸಿನೀರು ತುಂಬಿದ ಚೊಂಬಿನಿಂದ ತಾವೇ ಅಂಗಿಗೆ ಇಸ್ತ್ರಿ ಹೊಡೆದುಕೊಂಡು, ತಲೆಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು, ಏಳು ಗಂಟೆಗೇ ಬಂದು ನಿಂತಿರುತ್ತಾರೆ. ನಾಲ್ಕನೇ ತರಗತಿಯ ಹುಡುಗಿಯರು ಬಿಡಿಸುವ ರಂಗೋಲಿಯ ಚಕ್ರದಲ್ಲಿ ಪ್ರತಿ ವರ್ಷ ಇಪ್ಪತ್ತಮೂರೋ ಇಪ್ಪತ್ತೈದೋ ಅರಗಳು ಬರುತ್ತವೆಯೇ ಹೊರತು ಇಪ್ಪತ್ತನಾಲ್ಕು ಬಂದದ್ದಿಲ್ಲ, ಮತ್ತು ಪ್ರತಿ ವರ್ಷ ಅದನ್ನು ಎಣಿಸಿ, ಅಳಿಸಿ, ಮತ್ತೆ ಬಿಡಿಸುವ ಅವರ ಹಟವನ್ನು ನೋಡುವಾಗ ಈ ದೇಶಕ್ಕೆ ಏನೂ ಆಗುವುದಿಲ್ಲವೆಂದು ನನಗೆ ಧೈರ್ಯ ಬರುತ್ತದೆ. ಅದೇ ಮಕ್ಕಳು ಮರುದಿನ ಎರಡು ಕೋಣೆಗಳಲ್ಲಿ ಐದು ತರಗತಿಗಳಾಗಿ ಕೂರುವುದನ್ನೂ, ಮಳೆ ಬಂದರೆ ಒಂದು ಕೋಣೆಯಲ್ಲಿ ಐದಾಗಿ ಕೂರುವುದನ್ನೂ, ಮೂರು ಸಲ ಉದ್ಘಾಟನೆಯಾಗಿ ಒಂದು ಸಲವೂ ನೀರು ಕೊಡದ ಶುದ್ಧ ಕುಡಿಯುವ ನೀರಿನ ಘಟಕದ ಪಕ್ಕದಲ್ಲೇ ಬೋರ್‌ವೆಲ್ ಒತ್ತುವುದನ್ನೂ ತಾವು ಮೇಲಿನಿಂದ ನೋಡಿಯೇ ಇದ್ದೀರಿ. ಹಾಗಾಗಿ ಆ ಬಗ್ಗೆ ಹೆಚ್ಚು ಬರೆದು ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುವುದಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಮ್ಮೂರಿನಲ್ಲಿ ಧ್ವಜದ ಹಗ್ಗ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಬಹಳ ಹಳೆಯದು. ಹೋದ ವರ್ಷ ನಮ್ಮ ಶಾಲಾ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಅಧ್ಯಕ್ಷರಾದ ಷಣ್ಮುಖಪ್ಪನವರು ಒಬ್ಬರೇ ಹಗ್ಗ ಎಳೆದರೆಂಬ ಕಾರಣಕ್ಕೆ ಮಾಜಿ ಅಧ್ಯಕ್ಷರ ಓಣಿಯ ಹನ್ನೆರಡು ಮಕ್ಕಳು ಒಂದು ವಾರ ಶಾಲೆಗೆ ಬರಲಿಲ್ಲ. ಅದರ ಹಿಂದಿನ ಜನವರಿಯಲ್ಲಿ ಪಂಚಾಯ್ತಿ ಸದಸ್ಯರು ಸಿಟ್ಟಾಗಿ ತಮ್ಮ ಮನೆಯ ಮಾಳಿಗೆಯ ಮೇಲೆಯೇ ಬೇರೆ ಬಾವುಟ ಹಾರಿಸಿ, ಬೇರೆ ಪೆಪ್ಪರಮೆಂಟು ಹಂಚಿದ್ದರಿಂದ, ಮಕ್ಕಳು ಇಲ್ಲಿ ಅರ್ಧ ಅಲ್ಲಿ ಅರ್ಧ ಎಂದು ಓಡಾಡಿ ಎರಡೂ ಕಡೆ ಗಣರಾಜ್ಯೋತ್ಸವ ಆಚರಿಸಿದರು. ಆದ್ದರಿಂದ ಈ ಸಲ ನಾನೇ ಮುಂದೆ ಬಿದ್ದು, ಎಲ್ಲರನ್ನೂ ಶಾಲೆಗೆ ಕರೆಸಿ, ಚಹ ಕುಡಿಸಿ, ರಾಜಿ ಮಾಡಿಸಿದೆ. ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಪಂಚಾಯ್ತಿ ಸದಸ್ಯರು, ಹಾಲಿನ ಡೈರಿಯ ಕಾರ್ಯದರ್ಶಿಗಳು ಮತ್ತು ಮಕ್ಕಳಿಗೆ ಲಾಡು ಕೊಡಿಸುತ್ತೇನೆಂದ ಕುರಿ ವ್ಯಾಪಾರಿ ಖಾಜಾಸಾಬ್ ಅವರು, ಈ ಐವರೂ ಒಟ್ಟಿಗೆ ಹಗ್ಗ ಎಳೆಯತಕ್ಕದ್ದು ಎಂದು ತೀರ್ಮಾನವಾಯಿತು. ಯಾರಿಗೂ ಬೇಜಾರಾಗದ ಹಾಗೆ ಕೆಲಸ ಮಾಡುವುದರಲ್ಲಿ ನಾನು ಎತ್ತಿದ ಕೈ ಎಂದು ಐವರೂ ಹೊಗಳಿದರು, ಮತ್ತು ಆ ಹೊಗಳಿಕೆಯಿಂದ ನಾನು ಅವತ್ತು ಊಟ ಮಾಡುವುದನ್ನೂ ಮರೆತೆನೆಂದು ನಾಚಿಕೆಯಿಂದ ತಿಳಿಸುತ್ತೇನೆ.

ಆ ಸಭೆಯಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದವರು ನಮ್ಮ ಬಿಸಿಯೂಟದ ಅಡುಗೆಯವರಾದ ಕಾಟಮ್ಮನವರು. ತಮಗೆ ಅವರ ಪರಿಚಯ ನನಗಿಂತ ಚೆನ್ನಾಗಿದೆ. ಹದಿನಾಲ್ಕು ವರ್ಷದಿಂದ, ಆಗಸ್ಟ್ ಹದಿನಾಲ್ಕರ ಸಂಜೆ ನಾವು ಕಂಬದ ಬುಡದ ಬೋಲ್ಟು ಬಿಚ್ಚಿ ಅದನ್ನು ಮಲಗಿಸಿದಾಗ, ಒಗ್ಗರಣೆ ಸೌಟಿನಲ್ಲಿ ಉಳಿದ ಶೇಂಗಾ ಎಣ್ಣೆಯನ್ನು ಬೆರಳಿನಿಂದ ತಮಗೆ ಸವರುವವರು ಅವರೇ. ಇಲಾಖೆಯಿಂದ ತಮಗೆ ಇದುವರೆಗೆ ಬಂದಿರುವ ಎಣ್ಣೆ ಅಷ್ಟೇ. ಬಾವುಟದ ಮಡಿಕೆಯೊಳಗೆ ಚೆಂಡುಹೂವಿನ ಎಸಳು ಇಟ್ಟು ಗಂಟು ಹಾಕುವವರೂ ಅವರೇ, ಏಕೆಂದರೆ ಅವರದು ಕುರಿ ಸಾಕುವ ಮನೆತನ, ಮತ್ತು ಮರಿಗಳನ್ನು ಗೂಟಕ್ಕೆ ಕಟ್ಟುವಾಗ ಹಾಕುವ ಕುಣಿಕೆ ಗಂಟು, ಅಂದರೆ ಮರಿ ಎಷ್ಟು ಜಗ್ಗಿದರೂ ಬಿಚ್ಚದ, ಯಜಮಾನಿ ಒಂದು ಎಳೆ ಹಿಡಿದು ಸೆಳೆದರೆ ತಕ್ಷಣ ಬಿಚ್ಚುವ ಗಂಟು, ಈ ಊರಿನಲ್ಲಿ ಅವರಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಅಂದಿನ ರಾಜಿಯ ಮಾತು ಕೇಳಿಸಿಕೊಂಡ ಅವರು ಲೋಟ ಎತ್ತಿಕೊಳ್ಳುತ್ತಲೇ ನನಗೆ ಮೆಲ್ಲಗೆ ಹೇಳಿದರು: "ಸರ್, ಅದು ಒಬ್ರೇ ಎಳೆಯಾ ಗಂಟು ಐತ್ರೀ. ಒಂದು ಎಳೆ ಎಳದ್ರೆ ಬಿಚ್ತೈತೆ, ಎರಡೂ ಎಳದ್ರೆ ಬಿಗೀತೈತೆ." ನಾನು ತಲೆಯಾಡಿಸಿದೆ. ನಾನು ತಲೆಯಾಡಿಸದ ಮಾತೇ ಈ ಊರಿನಲ್ಲಿ ಇಲ್ಲವೆಂಬುದೂ ತಮಗೆ ಗೊತ್ತಿದೆ.

ಮರುದಿನ ಬೆಳಿಗ್ಗೆ ಸಣ್ಣಗೆ ಜಿನುಗು ಮಳೆ. ಐವರು ಗಣ್ಯರೂ, ಇತಿಹಾಸದಲ್ಲಿ ಮೊದಲ ಬಾರಿಗೆ, ಹೇಳಿದ ವೇಳೆಗೆ ಬಂದರು. ಬಿಳಿಚೋಡಿನ ಬಸ್ ನಿಲ್ದಾಣದ ಬಳಿ ಸ್ಟುಡಿಯೋ ಇಟ್ಟಿರುವ ಸಿದ್ದು ಕ್ಯಾಮೆರಾ ಹಿಡಿದು, ಐವರೂ ಒಂದೇ ಬದಿಗೆ ನಿಂತರೆ ಹಿಂದಿನವರ ಮುಖ ಬರುವುದಿಲ್ಲವೆಂದು ಆಕ್ಷೇಪಿಸಿ, "ಈ ಕಡೆ ಒಂದಿಷ್ಟು ಜನ, ಆ ಕಡೆ ಒಂದಿಷ್ಟು ಜನ ನಿಂತ್ಕೊಂಡು, ಎದುರುಬದುರು ಹಗ್ಗ ಹಿಡ್ಕೊಳ್ರಿ" ಎಂದ. ತಮ್ಮ ಮೈಮೇಲಿನಿಂದ ಇಳಿಬಿದ್ದ ಹಗ್ಗಕ್ಕೆ ಎರಡು ಎಳೆಗಳಿವೆಯಷ್ಟೆ. ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಪಂಚಾಯ್ತಿ ಸದಸ್ಯರು ಈ ಎಳೆಗೆ ಕೈ ಹಾಕಿದರು, ಉಳಿದವರು ಆ ಎಳೆಗೆ. ನಾನು ಸೀಟಿ ಊದಿದೆ. ಎರಡೂ ಬದಿಯವರು ದೇಶಭಕ್ತಿಯಿಂದ ಎಳೆದರು. ತಾವು ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ, ಬಾವುಟ ಬಿಚ್ಚಲಿಲ್ಲ.

ಇಲ್ಲಿ ನಮ್ಮ ಮಕ್ಕಳ ಶಿಸ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸೀಟಿ ಕೇಳಿದ ಕೂಡಲೇ ರಾಷ್ಟ್ರಗೀತೆ ಶುರುಮಾಡಬೇಕೆಂದು ನಾನೇ ಹದಿನೈದು ದಿನ ತಾಲೀಮು ಕೊಟ್ಟಿದ್ದೆನಾದ್ದರಿಂದ, ಅವರು ಮೇಲೆ ನೋಡದೆ ಶುರುಮಾಡಿಬಿಟ್ಟರು. ಶುರುವಾದ ಮೇಲೆ ಯಾರೂ ಅಲುಗಾಡುವಂತಿಲ್ಲ. ಐವತ್ತೆರಡು ಸೆಕೆಂಡು ಇಡೀ ಊರು ಒಂದು ಒದ್ದೆ ಬಟ್ಟೆಯ ಗಂಟಿನ ಮುಂದೆ ನೆಟ್ಟಗೆ ನಿಂತಿತು, ಗಣ್ಯರು ಹಗ್ಗವನ್ನು ಬಿಡುವಂತೆಯೂ ಇಲ್ಲದೆ ಹಿಡಿಯುವಂತೆಯೂ ಇಲ್ಲದೆ ನಿಂತರು. ಗೀತೆ ಮುಗಿದೊಡನೆ ಮತ್ತೆ ಎಳೆದರು, ಈ ಸಲ ಇನ್ನೂ ಜೋರಾಗಿ. ನಾನು ಗಾಬರಿಯಲ್ಲಿ ಇನ್ನೊಂದು ಸಲ ಸೀಟಿ ಊದಿಬಿಟ್ಟೆ. ಮಕ್ಕಳು ಸಂತೋಷದಿಂದ ಮತ್ತೆ ಮೊದಲಿನಿಂದ ಹಾಡಿದರು. ಈ ಎರಡನೆಯ ಸಲ ಅವರು ಇನ್ನೂ ಚೆನ್ನಾಗಿ ಹಾಡಿದರೆಂಬುದನ್ನು ನಾನು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ.

ಆಗ ಅಡುಗೆ ಕೋಣೆಯಿಂದ ಕಾಟಮ್ಮನವರು ಬಂದರು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಟ್ಟೆಯ ಬಳಿ ನಿಂತು, "ಎಲ್ರೂ ಒಂದ್ಸಾರಿ ಕೈ ಬಿಡ್ರಪ್ಪಾ" ಎಂದರು. ಹದಿನಾಲ್ಕು ವರ್ಷದಲ್ಲಿ ಅವರು ಗಣ್ಯರನ್ನು ಉದ್ದೇಶಿಸಿ ಮಾಡಿದ ಮೊದಲ ಭಾಷಣ ಅದು, ಮತ್ತು ನಾನು ಕೇಳಿದ ಸ್ವಾತಂತ್ರ್ಯ ದಿನದ ಭಾಷಣಗಳಲ್ಲಿ ಅದೇ ಅತ್ಯುತ್ತಮವಾದದ್ದು. ಎಲ್ಲರೂ ಬಿಟ್ಟರು. ಅವರು ಒಂದು ಎಳೆಯನ್ನು ಮೊದಲು ಸಡಿಲ ಬಿಟ್ಟರು, ಇನ್ನೊಂದನ್ನು ಎರಡು ಬೆರಳಿನಲ್ಲಿ ಹಿಡಿದು ಒಮ್ಮೆ ಸೆಳೆದರು. ಬಾವುಟ ಬಿಚ್ಚಿಕೊಂಡಿತು, ಎಸಳೆಲ್ಲ ಅವರ ತಲೆಯ ಮೇಲೆ ಬಿದ್ದವು, ಮತ್ತು ಮಕ್ಕಳು ನನ್ನ ಸೀಟಿಗೂ ಕಾಯದೆ ಮೂರನೆಯ ಸಲ ಹಾಡಲು ಶುರುಮಾಡಿದರು. ಮಾನ್ಯರೇ, ನನ್ನ ಕಣ್ಣಲ್ಲಿ ನೀರು ಬಂತು. ಮಳೆ ಬರುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಈ ಪತ್ರದ ಅಗತ್ಯವಿರಲಿಲ್ಲ. ಆದರೆ ಯಾರೋ ಪುಣ್ಯಾತ್ಮರು ಆ ಕೊನೆಯ ತುಣುಕನ್ನು ಮಾತ್ರ ಮೊಬೈಲಿನಲ್ಲಿ ಹಿಡಿದು, ಧ್ವಜಾರೋಹಣವನ್ನು ಅಡುಗೆಯವರ ಕೈಯಿಂದ ಮಾಡಿಸಿದ ಶಾಲೆ ಎಂದು ಬರೆದು ಹಂಚಿದರು. ಜಗಳೂರಿನ ಮೇಲಿನ ಕಚೇರಿಯಿಂದ ನನಗೆ ನೋಟಿಸು ಬಂತು, ಜೊತೆಗೆ ಒಂದು ನಮೂನೆಯೂ ಬಂತು. ಅದರಲ್ಲಿ ಧ್ವಜದ ಅಳತೆ, ಕಂಬದ ಎತ್ತರ, ಹಗ್ಗದ ಉದ್ದ, ಗಂಟು ಕಟ್ಟಿದವರ ಹೆಸರು ಮತ್ತು ಅವರ ಮೇಲೆ ಕೈಗೊಂಡ ಕ್ರಮ ಎಂಬ ಕಾಲಂಗಳಿವೆ. ಎಳೆದವರ ಹೆಸರಿಗೆ ಕಾಲಂ ಇಲ್ಲ. ನಮ್ಮ ದೇಶದಲ್ಲಿ ಎಷ್ಟೋ ಬುದ್ಧಿವಂತರು ಕೂತು ತಯಾರಿಸುವ ನಮೂನೆಗಳಲ್ಲಿ ಇಂಥ ಒಂದು ಕಾಲಂ ಮಾತ್ರ ಏಕೆ ಯಾವಾಗಲೂ ಬಿಟ್ಟುಹೋಗುತ್ತದೆ ಎಂಬುದು ಎತ್ತರದಲ್ಲಿರುವ ತಮಗೆ ಹೊಳೆದರೆ ದಯವಿಟ್ಟು ತಿಳಿಸಬೇಕು.

ಕ್ರಮ ಎಂದರೆ ಏನೆಂದು ತಮಗೆ ಬಿಡಿಸಿ ಹೇಳುತ್ತೇನೆ. ಕಾಟಮ್ಮನವರ ಕೆಲಸ ಕಾಯಂ ಅಲ್ಲ, ವರ್ಷ ವರ್ಷ ಮುಂದುವರಿಸುವಂಥದ್ದು. ಆ ಕಾಲಂನಲ್ಲಿ ಅವರ ಹೆಸರು ಬಿದ್ದರೆ ಅಡುಗೆ ಕೋಣೆಯ ಬೀಗದ ಕೈ ಬೇರೆಯವರಿಗೆ ಹೋಗುತ್ತದೆ. ಅದಕ್ಕೆ ಕಾದಿರುವವರೂ ಇದ್ದಾರೆ. ಕಾಟಮ್ಮನವರ ಕೈಯ ಅನ್ನ ನಮ್ಮ ಮಕ್ಕಳಿಗೆ ಬೇಡವೆಂದು ಮನೆಯಿಂದ ಡಬ್ಬಿ ಕಟ್ಟಿ ಕಳಿಸುವ ಎರಡು ಮನೆಗಳು ನಮ್ಮೂರಿನಲ್ಲಿ ಇನ್ನೂ ಇವೆ, ಮತ್ತು ಅವುಗಳಲ್ಲಿ ಒಂದು ಮನೆಯ ಯಜಮಾನರ ಕೈ ಅಂದು ತಮ್ಮ ಹಗ್ಗದ ಮೇಲಿತ್ತು. ಆ ಡಬ್ಬಿಯ ಮಕ್ಕಳು ಅಡುಗೆ ಕೋಣೆಯ ಹಿಂದೆ ಹೋಗಿ ಕಾಟಮ್ಮನವರ ಸಾಂಬಾರನ್ನು ಕೇಳಿ ಹಾಕಿಸಿಕೊಂಡು ಬರುತ್ತಾರೆಂಬುದನ್ನು ನಾನು ಆ ಯಜಮಾನರಿಗೆ ಇದುವರೆಗೆ ಹೇಳಿಲ್ಲ.

ಷಣ್ಮುಖಪ್ಪನವರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು: "ಕಾಟಮ್ಮಂದು ಹೆಸರು ಬರ್ದು ಕೈ ತೊಳ್ಕೊಳ್ರೀ ಸರ್. ಆಯಮ್ಮಂದೇನು ಪರ್ಮನೆಂಟ್ ನೌಕರೀನಾ? ನಿಮ್ದು ಐತೆ." ಅದು ನನಗೆ ಒಪ್ಪಿಗೆಯಾಗದೆ ಮುಖ ಸಣ್ಣ ಮಾಡಿಕೊಂಡಿದ್ದನ್ನು ನೋಡಿ ಐವರೂ ಮತ್ತೆ ಚಹ ಕುಡಿದು, ತಪ್ಪೆಲ್ಲ ತಮ್ಮದೇ, ಅಂದರೆ ರಾಟೆಯವರದೇ, ತಮಗೆ ತುಕ್ಕು ಹಿಡಿದಿತ್ತು ಎಂದು ತೀರ್ಮಾನಿಸಿದರು. ನಮ್ಮೂರಿನಲ್ಲಿ ಯಾರೂ ರಾಜಿ ಮಾಡಿಸದೆ ಒಂದು ವಿಷಯಕ್ಕೆ ಐವರೂ ಒಪ್ಪಿದ್ದು ಅದೇ ಮೊದಲಾದ್ದರಿಂದ, ಊರಿನ ಒಗ್ಗಟ್ಟಿನ ಸಲುವಾಗಿ ತಾವು ಈ ಕೆಳಗಿನಂತೆ ಸಹಕರಿಸಬೇಕೆಂದು ಕೋರಲು ನಾನು ಈ ಪತ್ರವನ್ನು ಆರಂಭಿಸಿದೆ. ತಾವು ತಕ್ಷಣ ಕೆಳಗಿಳಿದು, ಬಿಳಿಚೋಡಿಗೆ ನಡೆದು, ಸಿಕ್ಕ ಬಸ್ಸಿನಲ್ಲಿ ನಿಂತುಕೊಂಡಾದರೂ ಜಗಳೂರಿಗೆ ಹೋಗಿ, ತಮಗೆ ತುಕ್ಕು ಹಿಡಿದದ್ದು ನಿಜವೆಂದು ಮೂರು ಪ್ರತಿಗಳಲ್ಲಿ ಹೇಳಿಕೆ ಕೊಡಬೇಕು. ತುಕ್ಕು ಇಲ್ಲದಿದ್ದಲ್ಲಿ ವಿಚಾರಣೆಯ ದಿನದೊಳಗೆ ಹಿಡಿಸಿಕೊಳ್ಳಬೇಕು. ಮುಂದಿನ ಸಮಾರಂಭದ ವೇಳೆಗೆ ಎರಡೂ ದಿಕ್ಕಿಗೆ ಒಂದೇ ಕಾಲಕ್ಕೆ ತಿರುಗುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಇವಿಷ್ಟೂ ಆಗದಿದ್ದರೆ ವಯಸ್ಸಿನ ಕಾರಣ ಕೊಟ್ಟು ಸ್ವಯಂ ನಿವೃತ್ತಿ ಪಡೆಯಬೇಕು. ಬೀಳ್ಕೊಡುಗೆಗೆ ಶಾಲು, ಹಾರ ಮತ್ತು ಫಲತಾಂಬೂಲದ ವ್ಯವಸ್ಥೆ ನಮ್ಮದು.

ಹೀಗೆಂದು ಬರೆದು ಮುಗಿಸುವ ಹೊತ್ತಿಗೆ ಕಾಟಮ್ಮನವರು ಅಕ್ಕಿ ಅಳೆಸಿಕೊಳ್ಳಲು ಆಫೀಸಿಗೆ ಬಂದರು. ಮೇಜಿನ ಮೇಲಿದ್ದ ನಮೂನೆಯನ್ನು ನೋಡಿ ಅದು ಏನೆಂದು ಕೇಳಿದರು, ನಾನು ಓದಿ ಹೇಳಿದೆ. ಅವರು, "ಹೆಸರು ಬರ್ಕೊಳ್ರಿ ಸರ್, ಕಟ್ಟಿದ್ದು ನಾನೇ ಅಲ್ವಾ? ಸುಳ್ಳು ಯಾಕ್ ಬರಿಯಾಕೆ ಹೋಗ್ತೀರಿ. ಆದ್ರೆ ಬಿಚ್ಚಿದ್ದೂ ನಾನೇ ಅಂತ ಒಂದು ಮಾತು ಬರೀರಿ, ಸಾಕು" ಎಂದರು. ಅಕ್ಕಿ ಅಳೆಸಿಕೊಂಡು ಹೋದರು. ನನಗೆ ಅದುವರೆಗೆ ಬರೆದದ್ದರ ಮೇಲೆ ನಾಚಿಕೆಯಾಯಿತು. ಹರಿದು ಹಾಕಬೇಕೆನಿಸಿತಾದರೂ, ತಮಗೆ ಬರೆದ ಸುಳ್ಳನ್ನು ತಮ್ಮಿಂದ ಮುಚ್ಚಿಡುವುದು ಇನ್ನೊಂದು ಸುಳ್ಳಾಗುತ್ತದೆಂದು ಹಾಗೆಯೇ ಬಿಟ್ಟಿದ್ದೇನೆ.

ಆದ್ದರಿಂದ ಈ ದೂರಿನಲ್ಲಿ ನಾನು ಇದುವರೆಗೆ ಜಾಣತನದಿಂದ ಬಿಟ್ಟ ಒಂದು ವಿವರವನ್ನು ಈಗ ಸೇರಿಸುತ್ತೇನೆ. ಐವರನ್ನು ಎರಡು ಬದಿಗೆ ನಿಲ್ಲಿಸಿದರೆ ಒಂದು ಕಡೆ ಮೂವರು, ಇನ್ನೊಂದು ಕಡೆ ಇಬ್ಬರು ಆಗುತ್ತಾರೆ. ಸಿದ್ದು ಕ್ಯಾಮೆರಾದಲ್ಲಿ ನೋಡಿ, "ಈ ಕಡೆ ಒಬ್ರು ಕಮ್ಮಿ ಆದ್ರು ಸರ್, ಫೋಟೋ ಓರೆ ಕಾಣ್ತೈತೆ" ಎಂದಿದ್ದ. ಡೈರಿ ಕಾರ್ಯದರ್ಶಿಗಳ ಮತ್ತು ಖಾಜಾಸಾಬ್ ಅವರ ಮನಸ್ಸಿಗೆ ಬೇಜಾರಾಗಬಾರದೆಂದು, ಸೀಟಿಯನ್ನು ಬಾಯಲ್ಲೇ ಕಚ್ಚಿಕೊಂಡು, ಆರನೆಯವನಾಗಿ ಆ ಎಳೆಗೆ ಕೈ ಹಾಕಿದವನು ನಾನು. ಮೂವರ ಎದುರಿಗೆ ಇಬ್ಬರೇ ಇದ್ದಿದ್ದರೆ ಹಗ್ಗ ಒಂದು ಕಡೆಗೆ ಸರಿದು, ಗಂಟು ಬಿಚ್ಚಿ, ತಾವು ತಿರುಗುತ್ತಿದ್ದಿರಿ. ಯಾವ ಕಡೆಗೂ ತಿರುಗದಂತೆ ತಮ್ಮನ್ನು ಸರಿಸಮ ಹಿಡಿದು ನಿಲ್ಲಿಸಿದ ಕೈ ನನ್ನದು. ಎರಡೂ ಎಳೆ ಎಳೆಯಬಾರದೆಂದು ಹಿಂದಿನ ದಿನವೇ ಕೇಳಿ ಹೌದೆಂದು ಆಡಿದ ತಲೆಯೂ ನನ್ನದೇ.

ಇಂದು ಬೆಳಿಗ್ಗೆ ಆ ನಮೂನೆಯನ್ನು ತುಂಬಿ, ಜಗಳೂರಿಗೆ ಹೋಗಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಗಂಟು ಕಟ್ಟಿದವರು ಎಂಬ ಕಡೆ ಕಾಟಮ್ಮನವರ ಹೆಸರಿದೆ. ಅದರ ಕೆಳಗೆ ಸ್ಕೇಲು ಹಿಡಿದು ನಾನೇ ಎರಡು ಹೊಸ ಕಾಲಂ ಗೆರೆ ಎಳೆದೆ. ಎಳೆದು ಬಿಗಿ ಮಾಡಿದವರು ಎಂಬಲ್ಲಿ ಆರು ಹೆಸರುಗಳಿವೆ, ಮೊದಲನೆಯದು ನನ್ನದು. ಬಿಚ್ಚಿದವರು ಎಂಬಲ್ಲಿ ಒಂದೇ ಹೆಸರಿದೆ. ಕ್ರಮ ಕೈಗೊಳ್ಳುವುದಾದರೆ ಪಟ್ಟಿಯ ಮೇಲಿನಿಂದ ಶುರುಮಾಡಬೇಕೆಂದು ಅಡಿಯಲ್ಲಿ ಕೋರಿದ್ದೇನೆ. ಮೊಹರು ಒತ್ತಿದ ಗುಮಾಸ್ತೆಯವರು ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ಕೂರಲು ಕುರ್ಚಿ ಕೊಟ್ಟರು. ಹನ್ನೊಂದು ವರ್ಷದಲ್ಲಿ ಆ ಕಚೇರಿಯಲ್ಲಿ ನಾನು ಕೂತದ್ದು ಇದೇ ಮೊದಲು. ಭಯವೇನೋ ಇದೆ, ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಮನಸ್ಸು ಹಗುರವಾಗಿ ಕಿಟಕಿಯಾಚೆ ಮೆಕ್ಕೆಜೋಳದ ಹೊಲಗಳನ್ನು ನೋಡುತ್ತಾ ಬಂದೆ. ಈ ದೇಶದ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ನೂರು ಕಾರಣಗಳಿವೆ, ಅವುಗಳಲ್ಲಿ ಒಂದು ನಾನೇ ಎಂದು ತಿಳಿದ ಮೇಲೆ ಅದರ ಮೇಲಿನ ಪ್ರೀತಿ ಯಾಕೋ ಇನ್ನಷ್ಟು ಹೆಚ್ಚಿದೆ.

ಮೇಲ್ಕಂಡ ಎಲ್ಲ ಆರೋಪಗಳಿಂದ ತಮ್ಮನ್ನು ಗೌರವಪೂರ್ವಕವಾಗಿ ಮುಕ್ತಗೊಳಿಸಲಾಗಿದೆ. ತಮ್ಮ ಮೇಲೆ ಹೊರಿಸಿದ ತುಕ್ಕನ್ನು ಹೊಟ್ಟೆಗೆ ಹಾಕಿಕೊಂಡು ಕ್ಷಮಿಸಬೇಕು.

ತಮ್ಮ ಬುಡದಲ್ಲಿ ಹನ್ನೊಂದು ವರ್ಷ ಕತ್ತು ನೋಯಿಸಿಕೊಂಡ, ಹೊಸದಾಗಿ ನಂಬಿಕೆಗೆ ಅರ್ಹನಾಗಲು ಯತ್ನಿಸುತ್ತಿರುವ
ತಮ್ಮ ವಿಶ್ವಾಸಿ,
ಮಾರುತೇಶ್
(ಆರನೆಯ ಕೈ)

ಮರೆತ ಮಾತು: ಜನವರಿ ಇಪ್ಪತ್ತಾರರ ಪೂರ್ವಭಾವಿ ಸಭೆ ನಿನ್ನೆಯೇ ನಡೆಯಿತು. ಹಗ್ಗವನ್ನು ಕಾಟಮ್ಮನವರೇ ಎಳೆಯಲಿ ಎಂದು ನಾನು ಸೂಚಿಸಿದೆ, ಆಶ್ಚರ್ಯವೆಂದರೆ ಐವರೂ ದೊಡ್ಡ ಮನಸ್ಸಿನಿಂದ ಚಪ್ಪಾಳೆ ತಟ್ಟಿ ಒಪ್ಪಿದರು. ಒಂದೇ ಒಂದು ಸಣ್ಣ ಷರತ್ತು ಹಾಕಿದ್ದಾರೆ: ಒಂದು ಎಳೆ ಆಯಮ್ಮನ ಕೈಯಲ್ಲಿರಲಿ, ಊರಿನ ಮರ್ಯಾದೆಗೆ ಇನ್ನೊಂದು ಎಳೆ ನಮ್ಮ ಐವರ ಕೈಯಲ್ಲಿರಲಿ ಎಂದು. ಈ ಸಲ ನಾನು ತಲೆಯಾಡಿಸಲಿಲ್ಲ. ಆ ಇನ್ನೊಂದು ಎಳೆಯನ್ನು ಸಾಕಷ್ಟು ಸಡಿಲ ಬಿಟ್ಟು ಕಂಬಕ್ಕೇ ಕಟ್ಟಿಹಾಕಿ, ಅವರಿಗೆ ಹಿಡಿದುಕೊಳ್ಳಲು ಬೇರೆಯೇ ಒಂದು ಚೆಂದದ, ಹೊಚ್ಚಹೊಸ, ಯಾವುದಕ್ಕೂ ಜೋಡಿಸದ ಹಗ್ಗವನ್ನು ಕೊಡಲಿದ್ದೇನೆ. ಫೋಟೋದಲ್ಲಿ ಎಲ್ಲರ ಮುಖವೂ ಬರುತ್ತದೆ.